ತಟ್ಟೆಯ ಅಂಚು, ತಟ್ಟೆಯ ನಡು

"ಗುರುಗಳೇ, ಯಾವ ಪರೀಕ್ಷೆ ಇಟ್ಟರೂ ಹೇಮಾಕ್ಷಿ ಕೊನೆಯವಳು. ಅವಳನ್ನು ತರಗತಿಯಿಂದ ಬಿಡಿಸಿಬಿಡಲೇ?"

ಕೇಳಿದವನು ಸೋಮಲಿಂಗ. ಗುರುಗಳ ಬಳಿ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿತು, ಈಗ ತಾನೂ ಇಪ್ಪತ್ತು ಜನರಿಗೆ ಕಲಿಸುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್, ಪರೀಕ್ಷೆಯೂ ಅದರ ಮೇಲೇ, ಗಡಿಯಾರ ಇಟ್ಟು. ಅಂಕಪಟ್ಟಿಯನ್ನು ಕೈಯಲ್ಲೇ ಹಿಡಿದು ಬಂದಿದ್ದ.

"ಅವಳು ಸೇರಿದ್ದು ಯಾವಾಗ?"

"ಅದರಲ್ಲೂ ಎಲ್ಲರಿಗಿಂತ ಕೊನೆ!" ಎಂದು ಸೋಮಲಿಂಗ ನಕ್ಕ.

ಗುರುಗಳು ನಗಲಿಲ್ಲ. ಕತೆ ಹೇಳಿದರು.

ಒಬ್ಬಳು ಎಂಜಿನಿಯರ್ ಇದ್ದಳು. ಡಿಸ್ಕಿನ ಮೇಲೆ ಯಾವ ಕಡತ ಎಲ್ಲಿರಬೇಕು, ಕೇಳಿದಾಗ ಅದನ್ನು ಹೇಗೆ ಹುಡುಕಿ ಕೊಡಬೇಕು ಎಂದು ನೋಡಿಕೊಳ್ಳುವುದಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರಲ್ಲ, ಅಂಥದ್ದೊಂದನ್ನು ಮೂರು ವರ್ಷ ಕೂತು ಹೊಸದಾಗಿ ಬರೆದಳು. ಅವಳ ಸಂಸ್ಥೆಯಲ್ಲಿ ಆಗಲೇ ಹಳೆಯದೊಂದು ಇತ್ತು. ಎರಡನ್ನೂ ಒಂದೇ ಡಿಸ್ಕಿನ ಮೇಲೆ ಓಡಿಸಿ ನೋಡುವುದೆಂದಾಯಿತು. ಪರೀಕ್ಷಕ ಡಿಸ್ಕಿನ ಮೊದಲ ಭಾಗವನ್ನು ಹಳೆಯದಕ್ಕೆ ಕೊಟ್ಟ, ಕಟ್ಟಕಡೆಯ ಭಾಗವನ್ನು ಹೊಸದಕ್ಕೆ ಕೊಟ್ಟ. ಅದರಲ್ಲಿ ಮೋಸವೇನೂ ಇರಲಿಲ್ಲ. ಮೊದಲು ಬಂದದ್ದಕ್ಕೆ ಮೊದಲ ಜಾಗ, ಅಷ್ಟೇ.

ಹಳೆಯದು ಸೆಕೆಂಡಿಗೆ ನೂರ ಎಂಬತ್ತು ಮೆಗಾಬೈಟ್ ಬರೆಯಿತು. ಹೊಸದು ನೂರ ನಾಲ್ಕಕ್ಕೆ ನಿಂತಿತು.

"ಮೂರು ವರ್ಷ ಕೂತಿದ್ದು ಇದಕ್ಕಾ ತಾಯಿ?" ಎಂದ ಪರೀಕ್ಷಕ. "ಶುಕ್ರವಾರದವರೆಗೆ ನೋಡ್ತೀನಿ. ಆಮೇಲೆ ಇದನ್ನ ಮುಚ್ಚಿಬಿಡೋಣ."

ಅವಳು ಪಟ್ಟು ಬಿಡುವವಳಲ್ಲ. ಸೋಮವಾರ ಒಂದು ಕಡೆ ತಿದ್ದಿದಳು, ನೂರ ನಾಲ್ಕು. ಮಂಗಳವಾರ ಇನ್ನೊಂದು ಕಡೆ ತಿದ್ದಿದಳು. ಮತ್ತೆ ನೂರ ನಾಲ್ಕು. ಬರೆದದ್ದು ಕೆಟ್ಟಿಲ್ಲವೆಂದು ಪ್ರತಿ ಸಲವೂ ಸರಿನೋಡುವ ಭಾಗವೊಂದಿತ್ತು, ಅವಳ ಮುದ್ದಿನ ಕೆಲಸ. ಬುಧವಾರ ಮನಸ್ಸು ಕಲ್ಲು ಮಾಡಿಕೊಂಡು ಅದನ್ನೂ ಕಿತ್ತು ಹಾಕಿದಳು. ಹೊರೆ ಇಳಿಯಿತು, ವೇಗ ಏರಲಿಲ್ಲ. ಅದೇ ಹಾಳು ನೂರ ನಾಲ್ಕು!

ಅಲ್ಲಿ ಅವಳಿಗೆ ಅನುಮಾನ ಹುಟ್ಟಿತು. ಇಷ್ಟು ಹೊರೆ ಇಳಿಸಿದರೂ ಒಂದು ಹೆಜ್ಜೆ ಜೋರಾಗಲಿಲ್ಲವೆಂದರೆ, ತಡೆಯುತ್ತಿರುವುದು ತಾನು ಬರೆದದ್ದಲ್ಲ, ಬೇರೆ ಏನೋ. ಕಿತ್ತದ್ದನ್ನು ಮೊದಲಿದ್ದಂತೆ ಜೋಡಿಸಿದಳು. ಆಮೇಲೆ ಯಾವ ಫೈಲ್ ಸಿಸ್ಟಮನ್ನೂ ಹಾಕದೆ ಬರೀ ಡಿಸ್ಕಿನ ವೇಗವನ್ನೇ ಅಳೆದಳು. ಕೊನೆಯ ಭಾಗದ ಶಕ್ತಿಯೇ ನೂರ ಏಳು. ಮೊದಲ ಭಾಗದ್ದು ಇನ್ನೂರ ಹತ್ತು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಡಿಸ್ಕ್ ಎಂದರೆ ತಿರುಗುವ ತಟ್ಟೆ. ಬೀಸುಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಅಂಚಿನ ಹಿಡಿ ಎಷ್ಟೋ ದೂರ ಓಡಿರುತ್ತದೆ, ಗೂಟದ ಪಕ್ಕದ ಕಲ್ಲು ಗೇಣಷ್ಟೇ ಸರಿದಿರುತ್ತದೆ. ಡಿಸ್ಕಿನ ಮೊದಲ ಭಾಗ ಇದ್ದದ್ದು ಅಂಚಿನಲ್ಲಿ, ಕೊನೆಯದು ನಡುವಿನ ಹತ್ತಿರ. ಒಂದೇ ಸುತ್ತಿನಲ್ಲಿ ಅಂಚು ಹೆಚ್ಚು ಬರೆಸಿಕೊಳ್ಳುತ್ತದೆ, ನಡು ಕಡಿಮೆ. ತನ್ನ ಕೂಸು ನಿಂತ ನೆಲದಲ್ಲಿ ಇದ್ದದ್ದನ್ನೆಲ್ಲ ಹಿಂಡಿ ತೆಗೆದಿತ್ತು!

ಶುಕ್ರವಾರ ಎಲ್ಲರೆದುರು ಹೇಳಿದಳು: "ಎರಡರ ಜಾಗ ಅದಲು ಬದಲು ಮಾಡಿ ಓಡಿಸಿ ಅಣ್ಣಾ. ಸೋತರೆ ನಾನೇ ಮುಚ್ತೀನಿ."

ಹಳೆಯದು ತೊಂಬತ್ತೆರಡಕ್ಕೆ ಕುಸಿಯಿತು. ಹೊಸದು ಇನ್ನೂರ ಐದು ಮುಟ್ಟಿತು. ಪರೀಕ್ಷಕ ಕಣ್ಣು ಉಜ್ಜಿಕೊಂಡು ಮೂರು ಸಲ ಓಡಿಸಿದ. ಮೂರನೆಯ ಸಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. ಸಂಸ್ಥೆ ಅವಳದನ್ನೇ ಒಪ್ಪಿಕೊಂಡಿತು.

"ಭಲೇ!" ಎಂದು ಸೋಮಲಿಂಗ ತೊಡೆ ತಟ್ಟಿದ. ಗೆದ್ದವನು ತಾನೇ ಎಂಬಷ್ಟು ಖುಷಿ ಅವನಿಗೆ. ಕೈಯಲ್ಲಿದ್ದ ಅಂಕಪಟ್ಟಿ ನೆಲಕ್ಕೆ ಬಿದ್ದದ್ದೂ ಗೊತ್ತಾಗಲಿಲ್ಲ.

ಗುರುಗಳು ಅದನ್ನು ಎತ್ತಿ ಅವನ ಕೈಗಿಟ್ಟು ಕೇಳಿದರು:

"ಕೊನೆಗೆ ಬಂದ ಹೇಮಾಕ್ಷಿಗೆ ಉಳಿದಿದ್ದ ಕಂಪ್ಯೂಟರ್ ಯಾವುದು, ಸೋಮಲಿಂಗ?"