ಗಂಧಿಗನ ನಾಯಿ

"ಗುರುಗಳೇ, ಅಳುತ್ತಿದ್ದವರು ಅಳು ನಿಲ್ಲಿಸಿದರೆ ಅವರಿಗೆ ಶಾಂತಿ ಸಿಕ್ಕಿತು ಎಂದೇ ಅರ್ಥವಲ್ಲವೇ?"

ಊರಿಗೆ ಹೋಗಿ ತಿಂಗಳ ಮೇಲೆ ಮರಳಿ ಬಂದಿದ್ದ ಶಿಷ್ಯ ಹೀಗೆ ಕೇಳಿದ. ಗುರುಗಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಳುತ್ತಿದ್ದವರು ಯಾರು?" ಎಂದರು.

"ನನ್ನ ತಾಯಿ. ಅಪ್ಪ ತೀರಿಹೋದ ಮೇಲೆ ಅವನ ಕಂಬಳಿ ಹೊದ್ದುಕೊಂಡು ಮೂಲೆ ಹಿಡಿದುಬಿಟ್ಟಿದ್ದಳು. ಸೆಕೆಗೂ ಅದನ್ನು ಬಿಡಲಿಲ್ಲ. ಹೊತ್ತು ಮುಳುಗಿತೆಂದರೆ ಅಳು. ನಾನು ತಿಂಗಳು ಪೂರ್ತಿ ಎದುರಿಗೆ ಕೂತು ನೀವು ಹೇಳಿಕೊಟ್ಟ ಮಾತನ್ನೆಲ್ಲ ಹೇಳಿದೆ. ಬೆಳಿಗ್ಗೆ ಹೇಳಿದೆ, ಸಂಜೆ ಹೇಳಿದೆ. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಈಗ ಅವಳು ಅಳುವುದಿಲ್ಲ. ಅಪ್ಪನ ಹೆಸರನ್ನೇ ಎತ್ತುವುದಿಲ್ಲ. ಕೊಟ್ಟರೆ ಉಣ್ಣುತ್ತಾಳೆ, ಕೊಡದಿದ್ದರೆ ಇಲ್ಲ. ಇನ್ನು ನಾನು ನಿಶ್ಚಿಂತೆಯಿಂದ ಇಲ್ಲೇ ಇರಬಹುದಲ್ಲವೇ?"

ಗುರುಗಳು ಒಂದು ಹಿಡಿ ಹುಣಸೆಹಣ್ಣನ್ನು ಅವನ ಮುಂದೆ ಸರಿಸಿ, "ಕೈಗೂ ಕೆಲಸವಿರಲಿ, ಕೇಳು," ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಗಂಧಿಗನಿದ್ದ. ಲಾವಂಚದ ಬೇರು, ಮಜ್ಜಿಗೆಹುಲ್ಲು, ದವನ ಇಂಥವನ್ನು ತಾಮ್ರದ ಹಂಡೆಯಲ್ಲಿ ಕುದಿಸಿ, ಹಬೆ ಹಿಡಿದು, ಸುಗಂಧದ ಎಣ್ಣೆ ಇಳಿಸುವುದು ಅವನ ಕಸುಬು. ಮನೆಯಲ್ಲಿ ಅವನು, ಅವನ ಹೆಂಡತಿ, ಬೂದ ಅನ್ನುವ ಒಂದು ನಾಯಿ. ಮಕ್ಕಳಿರಲಿಲ್ಲ. ನಾಯಿ ಬೂದಿ ಬಣ್ಣದ್ದು, ಅದಕ್ಕೆ ಆ ಹೆಸರು. ಇಟ್ಟವಳು ಹೆಂಡತಿ.

ಆ ಕಸುಬಿನವರಲ್ಲಿ ಒಂದು ಪದ್ಧತಿ ಇತ್ತು. ಎಣ್ಣೆ ಇಳಿಸಿದವನು ಅದನ್ನು ತಾನೇ ಮೂಸಿ ಹದ ಹೇಳುವಂತಿಲ್ಲ. ದಿನವೆಲ್ಲ ಹಬೆಯಲ್ಲಿ ನಿಂತವನ ಮೂಗು ಎಷ್ಟೋ ವರ್ಷದ ಹಿಂದೆಯೇ ಸತ್ತಿರುತ್ತದೆ, ಅದು ಅವನಿಗೇ ಗೊತ್ತಿರುವುದಿಲ್ಲ. ಹಾಗಾಗಿ ಮನೆಯ ಹೆಂಗಸು ಹಂಡೆಯ ಕಡೆ ಸುಳಿಯದೆ ತನ್ನ ಮೂಗನ್ನು ಕಾಪಾಡಿಕೊಂಡಿರುತ್ತಾಳೆ. ಅವಳು ಮೂಸಿ 'ಹೂಂ' ಅಂದರೆ ಎಣ್ಣೆ ಪೇಟೆಗೆ, 'ಊಹೂಂ' ಅಂದರೆ ಮತ್ತೆ ಹಂಡೆಗೆ. ಗಂಧಿಗನ ಮನೆಯಲ್ಲಿ ಮೂವತ್ತು ವರ್ಷ ಹೀಗೆಯೇ ನಡೆದಿತ್ತು.

ಬೂದನಿಗೆ ಗುಡುಗೆಂದರೆ ಪ್ರಾಣಭಯ. ಮೋಡ ಮುಸುಕಿದರೆ ಸಾಕು, ನಡುಗಿ ನಡುಗಿ ಒಲೆಯ ಸಂದಿಗೆ ನುಗ್ಗುತ್ತಿತ್ತು. ಆಗ ಹೆಂಡತಿ ಒಂದು ಕೆಲಸ ಮಾಡುತ್ತಿದ್ದಳು. ಅಗಲವಾದ ಬಟ್ಟಲಲ್ಲಿ ನೀರು ತುಂಬಿ, ಒಂದು ಹುಲ್ಲುಕಡ್ಡಿಯ ತುದಿಯನ್ನು ಲಾವಂಚದ ಎಣ್ಣೆಗೆ ತಾಗಿಸಿ, ಆ ಕಡ್ಡಿಯನ್ನು ನೀರಿಗೆ ಮುಟ್ಟಿಸಿ, ಹೊಸ್ತಿಲ ಹತ್ತಿರ ಇಡುತ್ತಿದ್ದಳು. ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ತಾನು ಅಲ್ಲೇ ಕೂರುತ್ತಿದ್ದಳು. ನಾಯಿ ತಾನಾಗಿ ಬಂದರೆ ಕತ್ತಿನ ಮೇಲೆ ಕೈ ಇಡುತ್ತಿದ್ದಳು. ಎದ್ದು ಹೋದರೆ ಹೋಗಲಿ ಎಂದು ಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತು ಅದು ಅವಳ ಮಡಿಲಿಗೆ ಮೂತಿ ಚಾಚುತ್ತಿತ್ತು.

ಗಂಧಿಗ ಹಂಡೆಯ ಹತ್ತಿರದಿಂದ ಇದನ್ನು ನೋಡಿ ಬೀಗುತ್ತಿದ್ದ. "ನೋಡಿದೆಯಾ ನನ್ನ ಎಣ್ಣೆಯ ಗುಣ."

"ಹೌದು ಹೌದು, ಎಲ್ಲ ನಿಮ್ಮ ಎಣ್ಣೆಯದೇ," ಎನ್ನುತ್ತಿದ್ದಳು ಅವಳು. "ನನ್ನ ಕೈ ಬರೀ ನೊಣ ಓಡಿಸಲಿಕ್ಕೆ ಇಟ್ಟಿರುವುದು."

ಅವಳು ನಗುತ್ತಿದ್ದಳು, ಅವನೂ ನಗುತ್ತಿದ್ದ. ತಮಾಷೆ ಎಂದುಕೊಂಡಿದ್ದ.

ಒಂದು ಬೇಸಿಗೆ ಅವಳಿಗೆ ಜ್ವರ ಬಂತು. ಮೂರೇ ದಿನ. ನಾಲ್ಕನೆಯ ದಿನ ಅವಳಿಲ್ಲ.

ಜ್ವರಕ್ಕೆ ಮೊದಲು ಉಟ್ಟು ಬಿಚ್ಚಿಟ್ಟ ಸೀರೆ ಗೂಟದ ಮೇಲೆ ಹಾಗೆಯೇ ಇತ್ತು. ಕರ್ಮಾಂತರವೆಲ್ಲ ಮುಗಿದು ನೆಂಟರು ಹೋದ ಮೇಲೆ, ಬೂದ ಆ ಸೀರೆಯನ್ನು ಎಳೆದುಕೊಂಡು ಮೂಲೆಗೆ ಹೋಯಿತು. ಮಡಿಕೆಯೊಳಗೆ ಮೂತಿ ತೂರಿಸಿ ಮಲಗಿತು. ಹಗಲೆಲ್ಲ ಹಾಗೆಯೇ. ಅವಳು ನೀರು ತರುತ್ತಿದ್ದ ಸಂಜೆಯ ಹೊತ್ತಿಗೆ ಮಾತ್ರ ಏಳುವುದು, ಹೊಸ್ತಿಲವರೆಗೆ ಹೋಗಿ ದಾರಿ ನೋಡುವುದು, ಮತ್ತೆ ಬಂದು ಸೀರೆ ಮೂಸುವುದು, ಮೂಸಿ ಅಳುವುದು. ಮಗುವಿನ ದನಿಯಲ್ಲಿ ಅಳುವುದು.

ಗಂಧಿಗನಿಗೆ ಅದನ್ನು ಕೇಳಲು ಆಗುತ್ತಿರಲಿಲ್ಲ. ಅವನು ಹೆಂಡತಿಯ ಹೆಣದ ಮುಂದೆಯೂ ಅತ್ತಿರಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾಯಿಯೇ ಅಳುತ್ತಿದೆಯೋ ಎನ್ನುವ ಹಾಗಿತ್ತು. ಅವಳು ಬಿಟ್ಟುಹೋದ ಜೀವ ಅದೊಂದೇ. ಅದು ಹೀಗೆ ಕೊರಗಿ ಕೊರಗಿ ಸತ್ತರೆ ನನಗಿನ್ನು ಯಾರು ಎಂದು ಅವನು ಹೆದರಿದ. ಒಂದು ಸಂಜೆ ಅಂದುಕೊಂಡ: ಅಯ್ಯೋ, ಇದಕ್ಕೆ ಮದ್ದು ನನ್ನ ಮನೆಯಲ್ಲೇ ಇದೆಯಲ್ಲ.

ಬಟ್ಟಲಿಗೆ ನೀರು ತುಂಬಿದ. ಎಣ್ಣೆ ಹಾಕಿದ. ಮೂಸಿ ನೋಡಿದ. ಏನೂ ತಿಳಿಯಲಿಲ್ಲ. ಇನ್ನಷ್ಟು ಹಾಕಿದ. ಆಗಲೂ ತಿಳಿಯಲಿಲ್ಲ. ಸಾಲದು ಎಂದು ಅಂಗೈಗೆ ಸುರಿದುಕೊಂಡು ನಾಯಿಯ ಕತ್ತಿಗೆ, ಕಿವಿಗೆ, ಪಾದಕ್ಕೆ ತಿಕ್ಕಿದ. ನಾಯಿ ಸೀನಿತು. ಮೂತಿಯನ್ನು ನೆಲಕ್ಕೆ ಉಜ್ಜಿತು. ಬಾಗಿಲ ಕಡೆ ಓಡಿತು. ಸುವಾಸನೆ ಹೊರಗೆ ಹೋಗಿ ಹಾಳಾದೀತು ಎಂದು ಅವನು ಬಾಗಿಲು ಹಾಕಿದ.

ಅವನಲ್ಲಿ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಹಾಗೆ ತಿಕ್ಕುವಾಗ, "ನನ್ನಪ್ಪ, ಸುಮ್ಮನಿರು, ಎಲ್ಲ ಸರಿ ಹೋಗುತ್ತದೆ," ಎನ್ನುತ್ತಿದ್ದ. ದಿನವೂ ತಿಕ್ಕಿದ. ನಾಯಿ ಪಾದ ನೆಕ್ಕಿ ನೆಕ್ಕಿ ಜೊಲ್ಲು ಸುರಿಸಿತು, ಉಂಡದ್ದನ್ನು ಕಕ್ಕಿತು. ಒಳಗಿನ ದುಃಖ ಹೊರಗೆ ಬರುತ್ತಿದೆ ಎಂದುಕೊಂಡ. ಆದರೆ ಎಷ್ಟು ತಿಕ್ಕಿದರೂ ಅದು ಮತ್ತೆ ಆ ಸೀರೆಗೇ ಹೋಗಿ ಮೂತಿ ಹುದುಗಿಸುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಬೇರು ಉಳಿದರೆ ಕಳೆ ಹೋಗುವುದಿಲ್ಲ. ಈ ಸೀರೆಯೇ ಬೇರು.

ನಾಯಿ ನೀರು ಕುಡಿಯಲು ಎದ್ದ ಹೊತ್ತು ನೋಡಿ ಸೀರೆಯನ್ನು ಸುತ್ತಿಕೊಂಡು ಮಡಿವಾಳಗಿತ್ತಿಯ ಹತ್ತಿರ ಹೋದ. ಅವಳು ಆ ಬೀದಿಯ ಬಟ್ಟೆಗಳನ್ನು ನಲವತ್ತು ವರ್ಷ ಒಗೆದವಳು. ಸೀರೆಯನ್ನು ಕೈಗೆ ತೆಗೆದುಕೊಂಡು, ಬಿಚ್ಚದೆ, ಮುಖದ ಹತ್ತಿರ ತಂದಳು. ಕಣ್ಣು ತುಂಬಿತು.

"ಇದನ್ನು ಒಗೆಯಬೇಕಾ?" ಎಂದಳು.

"ಮತ್ತೆ, ನಿನ್ನ ಹತ್ತಿರ ಹೊಲಿಸಲಿಕ್ಕೆ ತಂದೆನಾ?"

"ಬೇಡ ಕಣಪ್ಪ. ಒಗೆಯುವ ಮೊದಲು ಬಟ್ಟೆ ಯಾರದೆಂದು ಮೂಗಿಗೆ ಗೊತ್ತು. ಒಗೆದ ಮೇಲೆ ಸೆರಗಿನ ಮೂಲೆಯ ಮಸಿ ಗುರುತಿಗಷ್ಟೇ ಗೊತ್ತು. ಆಮೇಲೆ ಬಾ ಅಂದರೆ ಬರುವುದಿಲ್ಲ ಈ ವಾಸನೆ."

"ನಾಯಿ ಸಾಯುತ್ತದೆ, ಇದನ್ನು ಮೂಸಿ ಮೂಸಿ. ಸುಮ್ಮನೆ ಒಗೆ. ಚೆನ್ನಾಗಿ ಉಬ್ಬೆಗೆ ಹಾಕು."

"ನಿನ್ನ ಮೂಗಿಗೆ ಏನು ಹೇಳಲಿ," ಎಂದಳು ಅವಳು. "ನೀನು ಬೀದಿ ತಿರುವಿನಲ್ಲಿರುವಾಗಲೇ ನನ್ನ ಕಣ್ಣು ಉರಿಯಿತು. ಒಂದು ಮಾತು ಕೇಳು, ನಾಯಿಯ ಮೈ ತೊಳೆ."

ಗಂಧಿಗ ಕೇಳಿಸಿಕೊಳ್ಳಲಿಲ್ಲ. ಅವಳು ಸೀರೆಯನ್ನು ಉಬ್ಬೆಗೆ ಹಾಕಿ ಸವಳು ನೀರಿನಲ್ಲಿ ಬೇಯಿಸಿದಳು, ಕಲ್ಲಿಗೆ ಬಡಿದಳು, ಒಣಗಿಸಿ ಮಡಿಸಿ ಕೊಟ್ಟಳು. ಒಗೆಯುವುದು ಅವಳ ಕೆಲಸ. ಬೇಡ ಎನ್ನುವಷ್ಟು ಎಂದಿದ್ದಳು.

ಗಂಧಿಗ ಆ ಸೀರೆಗೆ ತನ್ನ ಮನೆಯಲ್ಲಿದ್ದ ಎಲ್ಲಕ್ಕಿಂತ ಮೇಲಿನ ಲಾವಂಚದ ಎಣ್ಣೆ ಚಿಮುಕಿಸಿದ. ನಾಲ್ಕು ಮಡಿಕೆ ಮಾಡಿ ಮೆತ್ತಗೆ ಹಾಸಿದ. ಅಂಥ ಹಾಸಿಗೆ ಅರಮನೆಯ ನಾಯಿಗೂ ಇರಲಾರದು. "ಬಾ ಬೂದ," ಎಂದು ಕರೆದ.

ಬೂದ ಬಂತು. ಬಾಲ ಅಲ್ಲಾಡಿಸುತ್ತಲೇ ಬಂತು, ಸೀರೆಯ ಬಣ್ಣ ಅದೇ ತಾನೇ. ಮೂಸಿತು. ತಲೆ ಹಿಂದಕ್ಕೆ ತೆಗೆಯಿತು. ಮತ್ತೆ ಮೂಸಿತು. ಮೂತಿಯಿಂದ ಮಡಿಕೆ ಬಿಡಿಸಿ, ಅಂಚಿನಿಂದ ಸೆರಗಿನವರೆಗೆ, ಸೆರಗಿನಿಂದ ಅಂಚಿನವರೆಗೆ ಹುಡುಕಿತು. ಬಾಲ ನಿಂತಿತು. ಆಮೇಲೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ನೋಡಿ, ಹಾಸಿಗೆ ಬಿಟ್ಟು ಬರಿ ನೆಲದ ಮೇಲೆ ಮಲಗಿತು.

ಅಂದು ಸಂಜೆ ಅದು ಹೊಸ್ತಿಲಿಗೆ ಹೋಗಲಿಲ್ಲ. ಅಳಲಿಲ್ಲ. ಮರುದಿನವೂ ಇಲ್ಲ.

ಗಂಧಿಗ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ. ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದ: "ನನ್ನ ನಾಯಿಗೆ ಸಮಾಧಾನವಾಯಿತು. ಎಣ್ಣೆ ಹಿಡಿಯಲು ಸ್ವಲ್ಪ ದಿನ ಬೇಕಾಯಿತು, ಅಷ್ಟೇ." ನಾಯಿ ಸಾಕಿದ ನಾಲ್ಕು ಜನ ತಮಗೂ ಬೇಕೆಂದು ಕೇಳಿದರು. ಅವರಿಗೂ ಕೊಟ್ಟ. ಹೀಗೆ ತಿಕ್ಕಿ, ಬಾಗಿಲು ಹಾಕಿ ಎಂದು ಹೇಳಿಯೂ ಕೊಟ್ಟ.

ಐದನೆಯ ದಿನ ಮಧ್ಯಾಹ್ನ ಮೋಡ ಕವಿದು ಗುಡುಗಿತು. ಹಂಡೆಯೇ ನಡುಗುವಂಥ ಗುಡುಗು. ಬೂದ ನಡುಗಲಿಲ್ಲ. ಕಿವಿಯನ್ನೂ ಎತ್ತಲಿಲ್ಲ. ಗಂಧಿಗನ ಮುಖ ಅರಳಿತು. ಅದೇ ಹೊತ್ತಿಗೆ ಮಡಿವಾಳಗಿತ್ತಿ ಬಟ್ಟೆಯ ಗಂಟು ಹೊತ್ತು ಮಳೆಗೆ ಜಗಲಿ ಹತ್ತಿದಳು. ಅವನು ಬಾಗಿಲು ತೆರೆದು, "ಬಾ, ನೋಡು," ಎಂದ. "ನಾಯಿ ಸಾಯುತ್ತದೆ ಎನ್ನುವ ಹಾಗಿತ್ತು. ಈಗ ಸಿಡಿಲು ಬಡಿದರೂ ಶಾಂತ."

ಅವಳು ಸೆರಗನ್ನು ಮೂಗಿಗೆ ಹಿಡಿದು ಒಳಗೆ ಬಂದಳು. ನಾಯಿಯ ಪಕ್ಕೆ ಮುಟ್ಟಿದಳು. ಎಲುಬು ಕೈಗೆ ಸಿಕ್ಕಿತು. ಕಿವಿಯ ಒಳಗೆ ಚರ್ಮ ಸುಟ್ಟಹಾಗೆ ಕೆಂಪಗಿತ್ತು.

"ಇದಕ್ಕೆ ಶಾಂತಿ ಅನ್ನುತ್ತೀಯಾ?" ಎಂದಳು. "ಇಷ್ಟು ದಿನ ಇದು ಅವಳನ್ನು ಹುಡುಕುತ್ತಿತ್ತು. ಸಿಗುತ್ತಾಳೆ ಎಂದು ಹುಡುಕುತ್ತಿತ್ತು. ಈಗ ಬಿಟ್ಟುಬಿಟ್ಟಿದೆ."

ಗಂಧಿಗ ಓಡಿ ಇದ್ದ ಬಾಗಿಲನ್ನೆಲ್ಲ ತೆರೆದ. ಸೀಗೆಪುಡಿ ತಂದು ನಾಯಿಯ ಮೈ ತೊಳೆದ. ತನ್ನ ಕೈಯನ್ನೂ ತೊಳೆದ, ಬೂದಿ ಹಾಕಿ ಉಜ್ಜಿದ, ಮಣ್ಣು ಹಾಕಿ ಉಜ್ಜಿದ. ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಹೊಸ್ತಿಲ ಹತ್ತಿರ ಕೂತು, ಅವಳ ಹಾಗೆ ಕೈ ಚಾಚಿದ. ಬೂದ ಕತ್ತು ಎತ್ತಿ ಆ ಕೈಯನ್ನು ಒಂದು ಸಲ ಮೂಸಿತು. ಮೂವತ್ತು ವರ್ಷದ ಎಣ್ಣೆ ಒಂದು ಗಳಿಗೆಯಲ್ಲಿ ಹೋಗುತ್ತದೆಯೇ? ಅಲ್ಲಿ ಅವಳೂ ಇರಲಿಲ್ಲ, ಅವನೂ ಇರಲಿಲ್ಲ. ನಾಯಿ ಮುಖ ತಿರುಗಿಸಿ ನೆಲಕ್ಕಿಟ್ಟಿತು. ಮಳೆ ನಿಲ್ಲುವ ಹೊತ್ತಿಗೆ ಅದರ ಉಸಿರೂ ನಿಂತಿತು.

ಹಿತ್ತಲಲ್ಲಿ ಗುಂಡಿ ತೋಡಿ ಹೂತು ಬಂದ. ಮನೆಯೊಳಗೆ ನಿಂತ. ಮನೆ ಅಂದರೆ ನಾಲ್ಕು ಗೋಡೆ. ಆಗ ಅವನಿಗೆ ಹೆಂಡತಿ ಬೇಕಾದಳು. ಸತ್ತ ದಿನ ಬೇಕಾಗಿರಲಿಲ್ಲ, ಈಗ ಬೇಕಾದಳು. ಓಡಿಹೋಗಿ ಆ ಸೀರೆಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡ. ಏನೂ ಇಲ್ಲ. ಸುರಿದ ಎಣ್ಣೆಯ ವಾಸನೆಯಾದರೂ ತಿಳಿಯಿತೇ ಅಂದರೆ ಅದೂ ಇಲ್ಲ.

ಸೀರೆ ಹಿಡಿದುಕೊಂಡೇ ಮಡಿವಾಳಗಿತ್ತಿಯ ಮನೆಗೆ ಹೋದ. "ಅವಳ ಬಟ್ಟೆ ಯಾವುದಾದರೂ ನಿನ್ನ ಹತ್ತಿರ ಉಳಿದಿದೆಯಾ? ಒಗೆಯದ್ದು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಸೀರೆಯನ್ನು ಅವನ ಕೈಯಿಂದ ತೆಗೆದುಕೊಂಡು ಮೂಲೆಯನ್ನು ಹುಡುಕಿ ತೋರಿಸಿದಳು. ಕೇರುಬೀಜದ ಮಸಿಯಲ್ಲಿ ಇಟ್ಟ ಮೂರು ಚುಕ್ಕಿ. ಅವರ ಮನೆಯ ಗುರುತು.

"ಇಷ್ಟಿದೆ," ಎಂದಳು.

ಅವನು ಅವಳ ಬಾಗಿಲಲ್ಲೇ ಕುಸಿದು ಕೂತು ಅತ್ತ. ಹೆಂಡತಿ ಸತ್ತ ಮೇಲೆ ಅದೇ ಮೊದಲು. ಸತ್ತ ಮೇಲೂ ಎಷ್ಟೋ ದಿನ ಅವಳು ಆ ಮನೆಯಲ್ಲಿದ್ದಳು. ಅದು ನಾಯಿಗೆ ಮಾತ್ರ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಂದಿನ ಹುಣಸೆಹಣ್ಣು ಹಾಗೆಯೇ ಇತ್ತು. ಅವನು ಒಂದು ಬೀಜವನ್ನೂ ಬಿಡಿಸಿರಲಿಲ್ಲ.

ಅವನು, "ಆದರೆ ಗುರುಗಳೇ, ಗಂಧಿಗ ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ?" ಎಂದ.

"ಪ್ರೀತಿಯಿಂದಲೇ," ಎಂದರು ಗುರುಗಳು. ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದು ನಿಂತರು. ಒಳಗೆ ಹೊರಟವರು ಬಾಗಿಲಲ್ಲಿ ತಿರುಗಿ ಕೇಳಿದರು:

"ನಿನ್ನ ಅಪ್ಪನ ಕಂಬಳಿ ಈಗ ಎಲ್ಲಿದೆ?"

"ಒಗೆಸಿ, ಮಡಿಸಿ, ಪೆಟ್ಟಿಗೆಗೆ ಹಾಕಿದೆ," ಎಂದ ಶಿಷ್ಯ.