ಗರಸು ಹೊಲ ಕುಡಿದ ನೀರು

ಹೊಳೆಯ ದಂಡೆಯ ಒಂದು ಆಶ್ರಮದಲ್ಲಿ ಸಿದ್ದವ್ವ ಎಂಬ ಗುರು ಇದ್ದಳು. ಶಿಷ್ಯರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು.

ಆ ಶಿಷ್ಯರಲ್ಲಿ ಕೊಟ್ರಯ್ಯ ಒಬ್ಬ. ಮೊದಲು ಊರೂರು ತಿರುಗಿ ಬಳೆ ಮಾರುತ್ತಿದ್ದವನು. ಎಂಥ ಗಡಸು ಕೈಗೂ ಒಂದೂ ಬಳೆ ಒಡೆಯದ ಹಾಗೆ ತೊಡಿಸುವಷ್ಟು ಮೆತ್ತನೆಯ ಕೈ. ತಲೆ ಮಾತ್ರ, ಪಾಪ, ಏನು ಹೇಳೋಣ!

ಸಂಜೆ ಕೇಳಿದ ಪಾಠ ಬೆಳಗಾಗುವಷ್ಟರಲ್ಲಿ ಅವನ ತಲೆಯಿಂದ ಮಾಯವಾಗುತ್ತಿತ್ತು.

ಒಂದು ಸಂಜೆ ಅವ್ವ ಹೇಳಿದಳು: "ಆಸರೆ ಕೇಳಿ ಬಂದವರಿಗೆ ಮೊದಲು ಜಾಗ ಕೊಡಿ. ಹೆಸರು, ಊರು ಕೇಳುತ್ತಾ ಬಾಗಿಲಲ್ಲಿ ನಿಲ್ಲಿಸಬೇಡಿ."

ಮಾರನೇ ದಿನ ಬೆಳಿಗ್ಗೆ ಕೇಳಿದಳು. "ಕೊಟ್ರಯ್ಯಾ, ನಿನ್ನೆ ಏನು ಹೇಳಿದೆ?"

ಕೊಟ್ರಯ್ಯ ತಲೆ ಕೆರೆದುಕೊಂಡ. "ಬಾಗಿಲ ವಿಷಯ ಏನೋ ಹೇಳಿದಿರಿ ಅವ್ವಾ. ಭದ್ರವಾಗಿ ಹಾಕಿಕೊಳ್ಳಬೇಕು ಅಂತಲೋ ಏನೋ."

ಎಲ್ಲರೂ ಗೊಳ್ಳೆಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಪಂಪಾಪತಿ ಒಂದಕ್ಷರ ತಪ್ಪದೆ ಪಾಠ ಒಪ್ಪಿಸಿದ. ಪಂಪಾಪತಿ ಹಾಗೇ. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅವನಿಗೆ ಬಾಯಿಪಾಠ.

ಅವತ್ತು ಕೊಟ್ರಯ್ಯ ಗಂಟುಮೂಟೆ ಕಟ್ಟಿದ. ಹೋಗಲು ಅವನಿಗೇನೂ ಮನಸ್ಸಿರಲಿಲ್ಲ. ಆ ಹೊಳೆ, ಆ ಸಂಜೆಗಳು, ಅವ್ವನ ಬೈಗುಳ, ಎಲ್ಲದರ ಮೇಲೂ ಜೀವ ಇಟ್ಟುಕೊಂಡಿದ್ದ. ಆದರೆ ತೂತು ಕೊಡಕ್ಕೆ ನೀರು ತುಂಬುತ್ತಾ ಅವ್ವ ಎಷ್ಟು ದಿನ ಕೈ ನೋಯಿಸಿಕೊಂಡಾಳು?

"ಹೋಗಿ ಬರ್ತೀನಿ ಅವ್ವಾ. ನನ್ನಲ್ಲಿ ಏನೂ ನಿಲ್ಲಲ್ಲ. ಮತ್ತೆ ಬಳೆ ಮಾರ್ತೀನಿ," ಅಂದ.

"ಹೋಗುವೆಯಂತೆ," ಅಂದಳು ಅವ್ವ. "ಮೇಲಿನ ದಿಬ್ಬದ ಹೊಲ ಖಾಲಿ ಬಿದ್ದಿದೆ. ಅದರಲ್ಲಿ ಒಂದು ಬೆಳೆ ತೆಗೆದು ನನಗೊಂದು ಹೊತ್ತು ತೊವ್ವೆ ಉಣ್ಣಿಸು. ಆಮೇಲೆ ನಿನ್ನ ದಾರಿ ನಿನ್ನದು."

ದಿಬ್ಬದ ಹೊಲ ಆಶ್ರಮದ ಹಿಂದೆ, ಹೊಳೆಗಿಂತ ಎಷ್ಟೋ ಎತ್ತರದಲ್ಲಿತ್ತು. ಮಣ್ಣು ಎಲ್ಲಿದೆ ಅಂತ ಹುಡುಕಬೇಕು, ಅಷ್ಟು ಕಲ್ಲು. ಎಲ್ಲ ದುಂಡುದುಂಡಗೆ, ನುಣ್ಣಗೆ, ಒಳಗೆ ಬರೀ ಗರಸು, ಸಣ್ಣ ಹರಳುಕಲ್ಲು.

"ಇಷ್ಟು ಮೇಲೆ ಹೊಳೆಕಲ್ಲು ಹೇಗೆ ಬಂದವು ಅವ್ವಾ?"

"ಹಿಂದೊಂದು ಕಾಲಕ್ಕೆ ಹೊಳೆ ಇಲ್ಲೇ ಹರೀತಿತ್ತು. ಆಮೇಲೆ ಕೆಳಗಿಳೀತು. ಇವು ಇಲ್ಲೇ ಉಳಿದವು. ಹೋಗು, ಒಂದು ಕೊಡ ನೀರು ತಂದು ಸುರಿ."

ಕೊಟ್ರಯ್ಯ ಏದುಸಿರು ಬಿಡುತ್ತಾ ಕೊಡ ಹೊತ್ತು ತಂದು ಸುರಿದ. ನೀರು ಗಟಗಟ ಇಳಿದುಹೋಯಿತು. ಬಗ್ಗಿ ನೋಡುವಷ್ಟರಲ್ಲಿ ಕಲ್ಲಿನ ಮೇಲೆ ಪಸೆಯೂ ಇಲ್ಲ.

"ಅಯ್ಯಯ್ಯೋ!" ಅಂದ ಕೊಟ್ರಯ್ಯ. "ಅವ್ವಾ, ಇದು ಥೇಟ್ ನನ್ನ ತಲೆ!"

"ಒಳ್ಳೇದೇ ಆಯ್ತು," ಅಂದಳು ಅವ್ವ. "ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತೆ."

ಆ ಸಲದ ಬಿತ್ತನೆಗೆ ಪಂಪಾಪತಿಯ ಪಾಲಿಗೆ ಬಂದಿದ್ದು ಕೆಳಗಿನ ಎರೆ ಹೊಲ. ಕಪ್ಪು ಮಣ್ಣು, ಬೆಣ್ಣೆಯಂಥದ್ದು. ಬಿದ್ದ ನೀರನ್ನು ಒಂದು ಹನಿಯೂ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳುವಂಥದ್ದು.

ಅಷ್ಟರಲ್ಲಿ ಮಳೆ ಹಿಡಿಯಿತು. ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಒಂದೇ ಸಮನೆ ಸುರಿಯಿತು.

ಆ ಮಳೆಯಲ್ಲಿ ಒಬ್ಬ ಕುರಿಗಾರ ತನ್ನ ಮಂದೆ ಹೊಡೆದುಕೊಂಡು ದಿಬ್ಬ ಹತ್ತಿ, ಹೊಲದಲ್ಲಿದ್ದ ಕೊಟ್ರಯ್ಯನ ಹತ್ತಿರ ಬಂದ. ಕಂಬಳಿಯಿಂದ ನೀರು ಸೋರುತ್ತಿತ್ತು.

"ಸ್ವಾಮೀ, ಕೆಳಗೆಲ್ಲ ಕೆಸರು. ಕುರಿ ಕೂರಕ್ಕೆ ಒಂದಿಷ್ಟು ಒಣ ಜಾಗ ಇಲ್ಲ. ಆಶ್ರಮದ ಕೊಟ್ಟಿಗೇಲಿ ಜಾಗ ಕೇಳಿದೆ. ಅಲ್ಲೊಬ್ಬ ಸ್ವಾಮಿ ನನ್ನ ಹೆಸರು, ನನ್ನೂರು, ನಮ್ಮಪ್ಪನ ಹೆಸರು ಎಲ್ಲಾ ಕೇಳಿದ್ರು. ಎಲ್ಲಾ ಹೇಳಿದೆ. ವಿಚಾರಿಸಿ ಬರ್ತೀನಿ ಅಂತ ಹೋದವರು ಇನ್ನೂ ಬಂದಿಲ್ಲ."

"ಅಯ್ಯೋ ಮಾರಾಯ, ಮೊದಲು ಮರಿಗಳನ್ನ ಇತ್ತ ಹೊಡಿ!" ಅಂದ ಕೊಟ್ರಯ್ಯ. "ಈ ಹೊಲ ನೀರು ನಿಲ್ಲಿಸಿಕೊಳ್ಳೋ ಜಾತಿಯದಲ್ಲ. ಬೆಳೆಗೆ ಆಗದಿದ್ರೂ ಕುರಿ ಕೂರೋದಕ್ಕೆ ಆಗಲ್ವಾ?"

ತನ್ನ ಪಾಲಿನ ರೊಟ್ಟಿ ಅವನಿಗೆ ಕೊಟ್ಟ. ತೊಯ್ದ ಮರಿಯೊಂದನ್ನು ತನ್ನ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಂಡ. ಮಳೆ ನಿಲ್ಲುವವರೆಗೂ ಮಂದೆ ಅಲ್ಲೇ ಇತ್ತು. ಕುರಿಗಾರ ಹೋಗುವಾಗ ಹೊಲದ ತುಂಬ ಗೊಬ್ಬರ ಬಿದ್ದಿತ್ತು.

ಮಳೆ ನಿಂತ ಬೆಳಿಗ್ಗೆ ಪಂಪಾಪತಿ ತನ್ನ ಎರೆ ಹೊಲಕ್ಕೆ ಕಾಲಿಟ್ಟ. ಕಾಲು ಮೊಣಕಾಲವರೆಗೆ ಹೂತುಹೋಯಿತು. ಕೀಳಲು ಹೋದರೆ ಚಪ್ಪಲಿ ಒಳಗೇ ಉಳಿಯಿತು. ಬಿತ್ತನೆಯ ಮಾತು ದೂರ, ಅವನನ್ನು ಎಳೆದು ದಡಕ್ಕೆ ಹಾಕುವುದೇ ಒಂದು ಕೆಲಸವಾಯಿತು. ಎಳೆದವನು ದಿಬ್ಬದಿಂದ ಇಳಿದು ಬಂದ ಕೊಟ್ರಯ್ಯ.

ಮೇಲೆ ದಿಬ್ಬದ ಹೊಲದಲ್ಲಿ ಅಷ್ಟೊತ್ತಿಗಾಗಲೇ ನೇಗಿಲು ನಡೆದಿತ್ತು. ಕಲ್ಲಿಗೆ ತಾಗಿ ಟಣಟಣ ಅನ್ನುತ್ತಿತ್ತು, ಆದರೂ ನಡೆದಿತ್ತು. ಸಂಜೆಯೊಳಗೆ ಕೊಟ್ರಯ್ಯ ತೊಗರಿ ಬಿತ್ತಿ ಮುಗಿಸಿದ. ಪಂಪಾಪತಿಯ ಹೊಲ ಆರುವುದರೊಳಗೆ ಅವನ ತೊಗರಿ ಎರಡೆಲೆ ಬಿಟ್ಟಿತ್ತು.

ಕೊಟ್ರಯ್ಯನ ಸಂತೋಷ ಹೇಳತೀರದು. ಒಂದೊಂದು ಸಸಿಯನ್ನೂ ಮಾತಾಡಿಸಿಕೊಂಡು ಬರುತ್ತಿದ್ದ.

ಆಮೇಲೆ ಮಳೆ ಹೋಗಿದ್ದು ಹೋಗೇಬಿಟ್ಟಿತು. ಬಿಸಿಲು ಏರಿತು. ಮಧ್ಯಾಹ್ನ ಗಿಡಗಳ ಎಲೆ ಜೋತುಬಿದ್ದಂತೆ ಕಂಡವು. ಕೊಟ್ರಯ್ಯನಿಗೆ ಜೀವ ತಡೆಯಲಿಲ್ಲ. ಹೊಳೆಯಿಂದ ಕೊಡ ಹೊತ್ತು ತಂದು ದಾರಿ ಬದಿಯ ಸಾಲಿಗೆ ದಿನಾ ಒಂದೊಂದು ಚೊಂಬು ಹಾಕತೊಡಗಿದ.

ಅವ್ವ ಆ ದಾರಿಯಲ್ಲಿ ಬಂದಳು. "ಏನು ನಡೆಸಿದೀಯೋ?"

"ಬಾಯಾರಿದಾವೆ ಅವ್ವಾ, ಪಾಪ."

"ಮಿಕ್ಕ ಸಾಲುಗಳಿಗೆ?"

"ಅಷ್ಟಕ್ಕೆಲ್ಲ ಹೊರೋದು ನನ್ನ ಕೈಲಾಗಲ್ಲ. ಅವುಗಳ ಹಣೇಲಿ ಬರೆದಂಗೆ ಆಗಲಿ."

ಅವ್ವ ಅವನ ಚೊಂಬು ತೆಗೆದುಕೊಂಡು ನೀರು ಕುಡಿದಳು. ಬಾಯಿ ಒರೆಸಿಕೊಂಡು ತನ್ನ ದಾರಿ ಹಿಡಿದಳು.

ಒಂದು ದಿನ ದಿಬ್ಬ ಹತ್ತುವಾಗ ಆ ದುಂಡು ಕಲ್ಲುಗಳ ಮೇಲೆ ಕಾಲು ಜಾರಿತು. ಕೊಡ ಒಂದು ಕಡೆ, ಕೊಟ್ರಯ್ಯ ಒಂದು ಕಡೆ. ಪಾದ ಉಳುಕಿ ಕುಂಬಳಕಾಯಿಯಷ್ಟು ಊದಿಕೊಂಡಿತು. ಅರಿಶಿನದ ಪಟ್ಟು ಹಾಕಿಸಿಕೊಂಡು ಮಲಗಿದ. ಮಲಗಿದಲ್ಲೇ ಗಿಡಗಳ ಚಿಂತೆ.

"ನನ್ನ ಸಾಲಿಗೆ ಯಾರೂ ನೀರು ಹಾಕಿರಲ್ಲ," ಅಂತ ಕೊರಗಿದ.

"ಹಾಕಿಲ್ಲ. ನಾನೇ ಬೇಡ ಅಂದೆ," ಅಂದಳು ಅವ್ವ.

ಕಾಲು ನೆಲಕ್ಕೆ ಊರುವ ಹಾಗಾದ ದಿನವೇ ಕೋಲು ಹಿಡಿದು ಕುಂಟುತ್ತಾ ದಿಬ್ಬಕ್ಕೆ ಹೋದ. ನೋಡಿ ಅಲ್ಲೇ ಕುಸಿದು ಕೂತ.

ಅವನು ನೀರು ಹೊತ್ತು ಸಾಕಿದ ಸಾಲು ಪೂರಾ ಬಾಡಿ ಬಗ್ಗಿತ್ತು. ಹಣೆಬರಹಕ್ಕೆ ಬಿಟ್ಟ ಸಾಲುಗಳು ಹಸಿರಾಗಿ ನೆಟ್ಟಗೆ ನಿಂತಿದ್ದವು.

"ಅವ್ವಾ! ಅವ್ವಾ!" ಅಂತ ಅಲ್ಲಿಂದಲೇ ಕೂಗಿದ. ಅವ್ವ ಗುದ್ದಲಿ ಹಿಡಿದು ಬಂದಳು. ಏನಾಯಿತೋ ಅಂತ ಪಂಪಾಪತಿಯೂ ಹಿಂದೆಯೇ ಓಡಿಬಂದ.

"ನಾನು ಮುದ್ದು ಮಾಡಿದವೇ ಸಾಯ್ತಿದಾವಲ್ಲ ಅವ್ವಾ! ನನ್ನ ಕೈಗುಣವೇ ಸರಿ ಇಲ್ಲ," ಅಂದ ಕೊಟ್ರಯ್ಯ. ಕಣ್ಣಲ್ಲಿ ನೀರು.

"ಅಳೋದು ಆಮೇಲೆ. ಮೊದಲು ಅಗಿ."

ಬಾಡಿದ ಗಿಡವೊಂದನ್ನು ಕಿತ್ತರು. ಗುದ್ದಲಿಯೇ ಬೇಕಾಗಲಿಲ್ಲ. ಅದರ ಬೇರು ಗೇಣುದ್ದ ಇಳಿದು, ಅಲ್ಲೇ ಸುತ್ತಮುತ್ತ ಹರಡಿಕೊಂಡಿತ್ತು.

"ಇದಕ್ಕೆ ಕೆಳಗಿಳಿಯೋ ಕಷ್ಟ ಯಾಕೆ? ನೀನು ದಿನಾ ಬಾಯಿಗೇ ತಂದು ಹಾಕ್ತಿದ್ದೆಯಲ್ಲ," ಅಂದಳು ಅವ್ವ. "ಈಗ ಅದನ್ನ ಅಗಿ."

ಅದು ನೆಟ್ಟಗೆ ನಿಂತ ಗಿಡ. ಕೊಟ್ರಯ್ಯ ಅಗೆದ. ಮೇಲಿನ ಕಲ್ಲು ಸರಿಸಿದರೆ ಅದರ ತಳ ತಣ್ಣಗಿತ್ತು. ಬೇರು ಗರಸಿನ ಸಂದಿಯಲ್ಲಿ ನುಸುಳಿ ಇನ್ನೂ ಕೆಳಗೆ ಹೋಗಿತ್ತು. ಪಂಪಾಪತಿಯೂ ಕೈ ಹಾಕಿದ. ಗುಂಡಿ ಕೊಟ್ರಯ್ಯನ ಸೊಂಟದವರೆಗೆ ಬಂತು. ಬೇರು ಇನ್ನೂ ಇಳಿಯುತ್ತಲೇ ಇತ್ತು.

ಕೊನೆಗೆ ಕೊಟ್ರಯ್ಯ ಒಂದು ಹಿಡಿ ಗರಸು ಮೇಲೆತ್ತಿ ಹಿಂಡಿದ. ಬೆರಳ ಸಂದಿ ಒದ್ದೆಯಾಯಿತು.

"ಅವ್ವಾ, ನೀರು! ಬಿದ್ದ ಮಳೆಯೆಲ್ಲ ಇಲ್ಲಿದೆ!" ಚಿಕ್ಕ ಮಗುವಿನಂತೆ ಕುಣಿಯಲು ಹೋಗಿ ಉಳುಕಿದ ಕಾಲು ಊರಿ "ಅಬ್ಬಾ" ಅಂದ. ಮೂವರೂ ನಕ್ಕರು.

ನಗು ನಿಂತ ಮೇಲೆ ಅವನ ಮುಖ ಮತ್ತೆ ಸಪ್ಪಗಾಯಿತು.

"ಹೊಲವೇನೋ ಗೆದ್ದುಬಿಡ್ತು ಅವ್ವಾ. ತೊಗರಿ ಕೈಗೆ ಬರುತ್ತೆ, ನಿಮಗೆ ತೊವ್ವೆ ಉಣ್ಣಿಸ್ತೀನಿ. ಆಮೇಲೆ ನಾನು ಹೊರಡಲೇಬೇಕು. ಹೊಲದೊಳಗೆ ನೀರಿದೆ, ನನ್ನೊಳಗೆ ಏನಿದೆ? ನೀವು ಹೇಳಿದ್ದು ಒಂದೂ ಉಳಿದಿಲ್ಲ."

ಅವ್ವ ಗುಂಡಿಯ ಅಂಚಿನಲ್ಲಿ ಕೂತಳು.

"ಅದಿರಲಿ. ಮಳೆಯಲ್ಲಿ ಇಲ್ಲಿ ಕುರಿ ನಿಲ್ಲಿಸಿಕೊಂಡೆಯಂತೆ. ಆ ಕುರಿಗಾರನ ಹೆಸರೇನೋ?"

ಕೊಟ್ರಯ್ಯ ತಲೆ ಕೆರೆದುಕೊಂಡ. ಗರಸೆಲ್ಲ ಕೂದಲಿಗೆ ಹತ್ತಿತು. "ಅಯ್ಯೋ ಶಿವನೇ! ಅಷ್ಟು ಹೊತ್ತು ಜೊತೆಗಿದ್ದೆವು. ಹೆಸರು ಕೇಳಲೇ ಇಲ್ಲವಲ್ಲ ಅವ್ವಾ! ಅದೂ ಮರೆತುಹೋಯ್ತು ನೋಡಿ."

"ನನಗೆ ಗೊತ್ತು," ಅಂದ ಪಂಪಾಪತಿ. "ಅವನ ಹೆಸರು ಬೀರಪ್ಪ. ಅವರಪ್ಪ..."

ಅಷ್ಟಕ್ಕೇ ಅವನ ಮಾತು ನಿಂತಿತು. ಮುಖ ಕೆಂಪಗಾಯಿತು. ತುಟಿ ತಾನಾಗಿ ಅಲುಗಿತು. "ಆಸರೆ ಕೇಳಿ ಬಂದವರಿಗೆ ಮೊದಲು ಜಾಗ ಕೊಡಿ," ಅಂತ ಮೆಲ್ಲಗೆ ಅಂದ. ಮುಂದಿನದು ಅವನ ಬಾಯಿಂದ ಹೊರಡಲಿಲ್ಲ.

ಕೊಟ್ರಯ್ಯ ಗುಂಡಿಯೊಳಗಿಂದ ಪಂಪಾಪತಿಯ ಮುಖ ನೋಡಿದ, ಅವ್ವನ ಮುಖ ನೋಡಿದ. ಆಮೇಲೆ ಒದ್ದೆಯಾಗಿದ್ದ ತನ್ನ ಅಂಗೈ ನೋಡಿಕೊಂಡ.

ಅವ್ವ ಎದ್ದು ಸೀರೆ ಕೊಡವಿಕೊಂಡು, ಅವನನ್ನು ಮೇಲೆತ್ತಲು ಕೈ ಚಾಚಿದಳು.

"ಬಾ ಮೇಲೆ, ಗುಂಡಿ ಮುಚ್ಚು. ನೀರು ಇದೆಯೋ ಇಲ್ಲವೋ ಅಂತ ದಿನಾ ಅಗೆದು ನೋಡಿದರೆ ಗಿಡ ಬದುಕಲ್ಲ."