ಗುಮ್ಮಟಕ್ಕೆ ಹೇಳಬೇಕಿದ್ದ ಮಾತು

ಧಾರವಾಡದಲ್ಲಿ ಗುರುಪಾದಪ್ಪ ಎಂಬ ಹಾರ್ಮೋನಿಯಂ ರಿಪೇರಿಯವನಿದ್ದ. ಹಾರ್ಮೋನಿಯಂ ಒಳಗೆ ಹಿತ್ತಾಳೆಯ ಪುಟ್ಟ ನಾಲಗೆಗಳಿರುತ್ತವೆ. ಅವುಗಳ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಬಲ್ಲವರ ಪಕ್ಕದಲ್ಲಿ ಕೂತು, ಕೇಳಿ ಕೇಳಿಯೇ ಕಲಿಯಬೇಕು. ಗುರುಪಾದಪ್ಪನ ಕಿವಿ ಆ ಸೀಮೆಗೆಲ್ಲ ಹೆಸರಾಗಿತ್ತು.

ಪ್ರತಿ ಬೇಸಿಗೆ ಅವನು ಸ್ಕೂಟರ್ ಹತ್ತಿ ಹೊರಡುತ್ತಿದ್ದ. ಬಾಗಲಕೋಟೆ, ಬಿಜಾಪುರ, ಕಲಬುರಗಿ, ರಾಯಚೂರು, ಕೊಪ್ಪಳ, ಗದಗ. ಎಲ್ಲ ಕಡೆ ಮಠಗಳು, ಭಜನಾ ಮಂಡಳಿಗಳು ಅವನ ದಾರಿ ಕಾಯುತ್ತಿದ್ದವು. ಹೋದ ದಾರಿಯಲ್ಲೇ ತಿರುಗಿ ಬರುವುದು ಅವನ ಪದ್ಧತಿಯಲ್ಲ. ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಮನೆ ಸೇರಿದರೆ ಹೆಚ್ಚು ಊರು ಮುಟ್ಟಬಹುದು. ಈ ಮಾತು ನೆನಪಿರಲಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಒಂದು ವರ್ಷ ಮಗಳು ನೀಲವ್ವನನ್ನೂ ಕರೆದುಕೊಂಡು ಹೊರಟ. ಅವಳಿಗೆ ಹತ್ತು ವರ್ಷ. ಮುಂದೆ ರಿಪೇರಿಯ ಹತ್ಯಾರದ ಪೆಟ್ಟಿಗೆ, ಹಿಂದೆ ಮಗಳು. ದಾರಿಯುದ್ದಕ್ಕೂ ಅವಳ ಬಾಯಿ ಸುಮ್ಮನಿರಲಿಲ್ಲ. ನವಲಗುಂದದಲ್ಲಿ ಚಹಾ, ಬಾಗಲಕೋಟೆಯಲ್ಲಿ ಮೊಸರು, ಬಿಸಿ ರೊಟ್ಟಿ. ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ ಕೂತರೆ ಅವನು ಗುನುಗುವ ಹಾಡು ಬೆನ್ನೊಳಗಿಂದಲೇ ಕೇಳುತ್ತಿತ್ತು.

ಬಾಗಲಕೋಟೆಯ ಭಜನಾ ಮಂಡಳಿಯಲ್ಲಿ ಅಪ್ಪ ಹಾರ್ಮೋನಿಯಂನ ಕರಿ-ಬಿಳಿ ಮನೆ ಒತ್ತುತ್ತಿದ್ದ, ಮಗಳು ತಿದಿ ಒತ್ತಿ ಗಾಳಿ ತುಂಬುತ್ತಿದ್ದಳು. ಇದ್ದಕ್ಕಿದ್ದಂತೆ ಅವಳೆಂದಳು:

"ಅಪ್ಪಾ, ಆ ಐದನೇದು ಅಳಾಕತ್ತೈತಿ."

ಗುರುಪಾದಪ್ಪ ಬೆರಗಾದ. ಐದನೆಯ ಸ್ವರ ಎಳ್ಳಷ್ಟು ಇಳಿದಿತ್ತು. ಹತ್ತು ವರ್ಷ ಪಳಗಿದ ಕಿವಿಗೂ ತಪ್ಪಿಹೋಗುವಷ್ಟು ಸಣ್ಣ ತಪ್ಪು. ಆದರೆ ಅವನು ಏನೂ ಹೇಳಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತವೆ ಎಂದು ನಂಬಿದವರ ಪೈಕಿ ಅವನೂ ಒಬ್ಬ.

ನೀಲವ್ವನಿಗೆ ಆ ದಿನವೇ ಆಸೆ ಹುಟ್ಟಿತು. ಅಪ್ಪನ ಕೆಲಸ ತಾನೂ ಕಲಿಯಬೇಕು. ಆದರೆ ಹೆಣ್ಣುಮಗಳೊಬ್ಬಳು ಆ ಕೆಲಸ ಮಾಡಿದ್ದನ್ನು ಅವಳು ಎಲ್ಲೂ ನೋಡಿರಲಿಲ್ಲ. ಕೇಳಿದರೆ ಅಪ್ಪ ನಕ್ಕುಬಿಟ್ಟರೆ? ಆ ನಗು ನೋಡುವ ಧೈರ್ಯ ಅವಳಿಗಿರಲಿಲ್ಲ. ಆಗ ಶಾಲೆಯ ಅಕ್ಕೋರು ಹೇಳಿದ್ದು ನೆನಪಾಯಿತು. ಬಿಜಾಪುರದ ಗೋಳಗುಮ್ಮಟದ ಮೇಲೆ ಈ ಕಡೆ ಗೋಡೆಗೆ ಪಿಸುಗುಟ್ಟಿದರೆ ಆ ಕಡೆ ಕೂತವರಿಗೆ ಕೇಳುತ್ತದಂತೆ. ಸರಿ, ಗೋಡೆಗೇ ಹೇಳೋಣ. ಅಪ್ಪನ ಮುಖ ನೋಡಬೇಕಾಗಿಲ್ಲ.

ಬಿಜಾಪುರದ ಕೆಲಸ ಮುಗಿದಾಗ ಇನ್ನೂ ಬಿಸಿಲಿತ್ತು. ಗುಮ್ಮಟ ಕಣ್ಣೆದುರೇ ನಿಂತಿತ್ತು.

"ಅಪ್ಪಾ, ಗುಮ್ಮಟ ಹತ್ತೂಣು."

"ಕಲಬುರಗಿಯವರು ಕಾಯಾಕತ್ತಾರ. ಬರೂಮುಂದ ನೋಡೂಣು ಬಿಡವಾ."

ಬರುವಾಗ ನೋಡೋಣ! ನಮ್ಮ ದೊಡ್ಡವರ ನಾಲಗೆಯ ಮೇಲೆ ಈ ಮಾತು ಸದಾ ಸಿದ್ಧ. ಮಗು ಗೊಂಬೆ ಕೇಳಿದರೂ ಇದೇ, ನದಿಗೆ ಇಳಿಯುತ್ತೇನೆಂದರೂ ಇದೇ. ಗುರುಪಾದಪ್ಪ ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ತನ್ನ ದಾರಿ ಹಿಂದಕ್ಕೆ ಬರುವುದಿಲ್ಲ ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲೂ ಇಲ್ಲ.

ಹುಡುಗಿ ನಂಬಿದಳು. ಕಲಬುರಗಿಯ ಮಠದಲ್ಲಿ ಉಣ್ಣುವಾಗ, ರಾಯಚೂರಿನ ಕೋಟೆ ಗೋಡೆಯ ಪಕ್ಕ ಹಾಯುವಾಗ, ಕೊಪ್ಪಳದ ಬಂಡೆಗಳ ನಡುವೆ ಬರುವಾಗ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಪ್ರತಿ ತಿರುವಿನಲ್ಲೂ ಕತ್ತು ಚಾಚಿ ಗುಮ್ಮಟ ಹುಡುಕಿದಳು. ಗದಗಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಕೇಳಿಯೇಬಿಟ್ಟಳು.

"ಅಪ್ಪಾ, ಬಿಜಾಪುರ ಯಾವಾಗ ಬರತೈತಿ?"

"ಅದು ಹಿಂದ ಉಳೀತಲ್ಲವಾ. ಸಂಜೀಕ ಮನಿ ಮುಟ್ಟತೇವಿ. ಮುಂದಿನ ವರ್ಷ ಹೋಗೂಣಂತ."

ಅವಳ ಕಣ್ಣು ತುಂಬಿತು. ಖಾರಕ್ಕೆ ಎಂದುಕೊಂಡು ಅಪ್ಪ ನೀರು ಕೊಟ್ಟ. ಅವಳು ನೀರು ಕುಡಿದಳು, ಮಾತನ್ನೂ ನುಂಗಿದಳು.

ಮುಂದಿನ ಬೇಸಿಗೆಯಲ್ಲಿ ಮನೆಯಲ್ಲಿ ಮದುವೆ. ಅದರ ಮುಂದಿನ ವರ್ಷ ಅವಳಿಗೆ ಪರೀಕ್ಷೆ. ವರ್ಷಗಳಿಗೇನು, ಅವಕ್ಕೆ ಯಾರ ಅಪ್ಪಣೆಯೂ ಬೇಡ. ನೀಲವ್ವ ಓದಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದಳು. ಗುರುಪಾದಪ್ಪನಿಗೆ ವಯಸ್ಸಾಯಿತು. ಮೊದಲು ಹಕ್ಕಿಯ ದನಿ ಕೇಳದಾಯಿತು, ಆಮೇಲೆ ಹಾರ್ಮೋನಿಯಂ, ಕೊನೆಗೆ ಮನೆಮಂದಿಯ ಮಾತೂ. ಹತ್ಯಾರದ ಪೆಟ್ಟಿಗೆ ಅಟ್ಟ ಸೇರಿತು. ಯಾರು ಏನೇ ಹೇಳಲಿ, ನಕ್ಕು ತಲೆಯಾಡಿಸುವುದು ಅವನ ರೂಢಿಯಾಯಿತು. ಏನಾದರೂ ಹೇಳಲೇಬೇಕಾದರೆ ಅವನ ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸಬೇಕಿತ್ತು.

ನಲವತ್ತನೇ ವಯಸ್ಸಿನಲ್ಲಿ ನೀಲವ್ವ ಕಾರು ಕೊಂಡಳು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೆಟ್ಟಗೆ ಬಿಜಾಪುರಕ್ಕೆ ಹೋದಳು. ಬೆಳಗಿನ ಹೊತ್ತು, ಜನ ಇನ್ನೂ ಬಂದಿರಲಿಲ್ಲ. ಹತ್ತು ಮೆಟ್ಟಿಲಿಗೊಮ್ಮೆ ಕೂತು, ಮಗಳ ತೋಳು ಹಿಡಿದು, ಮುದುಕ ಮೇಲೇರಿದ. ಅವನನ್ನು ಗೋಡೆಗೆ ಒರಗಿಸಿ ಕೂರಿಸಿ ಅವಳು ಎದುರು ಬದಿಗೆ ನಡೆದಳು.

ಅಪ್ಪನ ಕಿವಿ ಹೋಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹತ್ತು ವರ್ಷದ ಹುಡುಗಿಯೊಬ್ಬಳು ಅವಳೊಳಗೆ ಇನ್ನೂ ಕಾಯುತ್ತಿದ್ದಳು. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದಳು:

"ಅಪ್ಪಾ, ನನಗೂ ನಿನ್ನ ಕೆಲಸ ಕಲಿಸು."

ಆಚೆ ಬದಿಯಲ್ಲಿ ಗುರುಪಾದಪ್ಪ ನಕ್ಕು ತಲೆಯಾಡಿಸಿದ. ತರಕಾರಿಯವನಿಗೂ ಕಂಡಕ್ಟರನಿಗೂ ಆಡಿಸುತ್ತಿದ್ದ ಅದೇ ತಲೆ.

ಅವಳು ಓಡಿ ಬಂದು ಅವನ ಪಕ್ಕ ಕೂತಳು. ಅವನ ಜೇಬಿನಿಂದ ಪುಸ್ತಕ ತೆಗೆದು ಆ ಮಾತನ್ನು ಬರೆದಳು. ಕೆಳಗೆ "ಅವತ್ತು ಗುಮ್ಮಟ ಹತ್ತಿ ಇದನ್ನ ಕೇಳೂದಿತ್ತು" ಎಂದೂ ಬರೆದಳು. ಮುದುಕ ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿದ.

"ಕಲಿಸು ಅಂತ ನೀ ಕೇಳತೀಯೇನೋ ಅಂತನ ನಿನ್ನ ಕರಕೊಂಡ ಹೋಗಿದ್ದೆನವಾ. ಆ ಐದನೇದು ಹಿಡದಿ ನೋಡು, ಅವತ್ತ ನನಗ ನಿದ್ದಿ ಹತ್ತಲಿಲ್ಲ. ನೀ ಏನೂ ಕೇಳಲಿಲ್ಲ. ಹುಡುಗೀಗೆ ಮನಸ್ಸಿಲ್ಲ ಅಂತ ಸುಮ್ಮನಾದೆ. ಈಗ ಹೆಂಗ ಕಲಿಸ್ಲಿ? ಕಿವೀನ ಇಲ್ಲಲ್ಲ."

ಅವನು ಪುಸ್ತಕ ಮಡಚಿ ಜೇಬಿಗಿಟ್ಟ. ಆಮೇಲೆ ಎದ್ದು ಒಳಗಿನ ಅಂಚಿನ ಕಟಾಂಜನ ಹಿಡಿದು ನಿಂತ. ಎದೆ ತುಂಬ ಉಸಿರೆಳೆದು ಕೂಗಿದ:

"ನೀಲವ್ವಾ!"

ಗುಮ್ಮಟ ಆ ಹೆಸರನ್ನು ತಿರುಗಿಸಿ ತಿರುಗಿಸಿ ಕೂಗಿತು. ಪ್ರತಿ ಸಲವೂ ಅಪ್ಪನ ದನಿ, ಪ್ರತಿ ಸಲವೂ ಸ್ವಲ್ಪ ದೂರ. ಕೊನೆಯದೂ ಅಡಗುವವರೆಗೆ ಅವಳು ಉಸಿರು ಬಿಡಲಿಲ್ಲ.

"ಎಷ್ಟು ಸಲ ಬಂತವಾ?" ಎಂದು ಮುದುಕ ಕೇಳಿದ.

ಅವಳು ಅಳುತ್ತಲೇ ಏಳು ಬೆರಳು ತೋರಿಸಿದಳು.

ನೀತಿ: ಅತ್ತರೆ ತಾನೇ ತಾಯಿ ಹಾಲು ಕೊಡುವುದು? ಮಕ್ಕಳೇ, ಮನಸ್ಸಿನಲ್ಲಿರುವುದನ್ನು ಕೇಳಿಬಿಡಿ, ನಕ್ಕರೆ ನಗಲಿ. ದೊಡ್ಡವರೇ, ಮಗು ಕೈ ತೋರಿಸಿದಲ್ಲಿ ಗಾಡಿ ನಿಲ್ಲಿಸಿ. ಬರುವಾಗ ನೋಡೋಣ ಎಂದು ಬಿಟ್ಟ ಊರು ಅಲ್ಲೇ ಇರುತ್ತದೆ. ಕೇಳುವ ಕಿವಿ ಇರುತ್ತದೆಂದು ಮಾತ್ರ ಯಾರೂ ಮಾತು ಕೊಟ್ಟಿಲ್ಲ.